ನೆನೆದು ಉಣ್ಣುವವರು

ಅಮ್ಮನದು ಒಂದೇ ನಿಯಮ. ಅಕ್ಕಿ ಬೆಳೆದ ರೈತನನ್ನು ನೆನೆಯದೆ ಆ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ.

"ಹಸಿವಾಗ್ತಿದೆ," ಎಂದಳು ಮಗಳು.

"ಮೊದಲು ಕೈ ಮುಗಿ. ಮನಸ್ಸಿಟ್ಟು ನೆನಿ. ನಿನ್ನೆ ಬರೀ ತುಟಿ ಆಡಿಸಿದ್ದು ನೋಡಿದೀನಿ."

ಮಗಳು ಕಣ್ಣು ಮುಚ್ಚಿದಳು. ಅಪ್ಪನೂ ಮುಚ್ಚಿದ. ಸಾರು ಆರುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಹೊರಗೆ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಕೆಮ್ಮುತ್ತಾ ತನ್ನ ನೆತ್ತಿಯನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

"ನಿಮ್ಮ ಅಕ್ಕಿ ಬೆಳ್ದೋನು ನಾನೇ ಕಣಮ್ಮ."

ಅಮ್ಮನ ಕಣ್ಣು ತುಂಬಿ ಬಂತು. "ನೋಡು, ದೇವರ ಹಾಗೆ ಬಂದಿದಾರೆ. ಕಾಲಿಗೆ ಬೀಳು," ಎಂದು ಮಗಳನ್ನು ಮುಂದೆ ತಳ್ಳಿದಳು.

"ಅದೆಲ್ಲ ಬ್ಯಾಡ. ನೀವು ಉಣ್ಣೋ ಹೊತ್ತಿಗೇ ನಾನೂ ಉಣ್ಣಕ್ಕೆ ಕೂರ್ತೀನಿ. ತುತ್ತು ಬಾಯಿಗಿಟ್ರೆ ಸಾಕು, ನೆತ್ತಿಗೆ ಹತ್ತುತ್ತೆ. ಯಾರೋ ನೆನೀತಾವ್ರೆ ಅಂತಾಳೆ ನಮ್ಮವ್ವ. ಹೊಟ್ಟೆ ತುಂಬ ಉಂಡು ತಿಂಗಳಾಯ್ತು."

"ಹಾಗಾದ್ರೆ ನಾವೇನು ಮಾಡಬೇಕು?"

ಅವನು ಕೈ ಮುಗಿದ. "ಎಲ್ಲಾರಂಗೆ ನೀವೂ ನಮ್ಮನ್ನ ಮರ್ತು ಉಣ್ಣಿ, ತಾಯಿ."