ಒಂದು ಗೇಣು ಕೆಳಗೆ

ಮುದುಕ ಈ ಅಡುಗೆಮನೆಗೆ ಬೆಂಕಿ ಇಡಲಿಕ್ಕೇ ಹೊರಟಿದ್ದಾನೆ ಎಂಬುದು ಮೂರನೆಯ ಪ್ರಶ್ನೆಯ ಹೊತ್ತಿಗೆ, ಗ್ಯಾಸು ಜೋಡಿಸಲು ಬಂದಿದ್ದ ಮುಧರ್‌ಗೆ ಖಾತ್ರಿಯಾಯಿತು.

ಸೋರಿದ ಗ್ಯಾಸು ಎಲ್ಲಿ ಹೋಗಿ ನಿಲ್ಲುತ್ತದೆ? ಅದು ಮೊದಲನೆಯದು. ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಎರಡನೆಯದು. ಹೊತ್ತಿಕೊಂಡ ಮೇಲೆ ಒಲೆ ಮುಂದೆ ನಿಂತವನಿಗೆ ಎಷ್ಟು ಹೊತ್ತು ಪ್ರಜ್ಞೆ ಇರುತ್ತದೆ?

ಮುಧರ್ ಪೈಪಿಗೆ ಕೊಟ್ಟಿದ್ದ ಪಾನಾ ಅಲ್ಲೇ ಬಿಟ್ಟು ತಿರುಗಿದ. "ಇದನ್ನೆಲ್ಲ ಯಾರಾದ್ರೂ ಕೇಳ್ತಾರಾ ಹಾಜಿ? ಎಲ್ಲರೂ ಕೇಳೋದು ಒಂದೇ. ಬೇಗ ಮುಗಿಯುತ್ತಾ ಅಂತ."

"ನಾನು ಕೇಳ್ತೀನಿ. ಹೇಳು."

ಹೇಳಿದ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ಗೋಡೆಯ ಬುಡದಲ್ಲಿ ಗಾಳಿಕಿಂಡಿ, ಅದಕ್ಕೇ ಎಚ್ಚರಿಕೆಯ ಗಂಟೆ ಸೂರಿನಲ್ಲಲ್ಲ, ನೆಲದ ಹತ್ತಿರ. ಉಳಿದೆರಡು ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ.

ಮುಧರ್ ಆರನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಅಮಾರಾದಿಂದ ಬಸ್ರಾಕ್ಕೆ ಬಂದು ಇನ್ನೂ ಆರು ತಿಂಗಳು. ಅಷ್ಟರಲ್ಲೇ ಕಣ್ತುಂಬ ನೋಡಿದ್ದ. ಒಲೆಯ ಬುಡದಲ್ಲೇ ಸಿಲಿಂಡರು, ಸೀಳಿದ ರಬ್ಬರಿಗೆ ಟೇಪು, ಸೋರಿಕೆ ಹುಡುಕಲು ಬೆಂಕಿಕಡ್ಡಿ. ಬೈದರೆ, ದೇವರು ದೊಡ್ಡವನು ಎನ್ನುತ್ತಾರೆ ಮಾಲೀಕರು. ದೇವರು ದೊಡ್ಡವನೇ. ನಿನ್ನ ಅಡುಗೆಮನೆ ಚಿಕ್ಕದಲ್ಲವೇನೋ ಕತ್ತೆ!

ಈ ಕೆಲಸ ಹಾಗಾಗಬಾರದು ಎಂದು ಹಠ ಹಿಡಿದಿದ್ದ. ಹೊರಗೆ ನೆರಳಿನಲ್ಲಿ ತಂತಿಬಲೆಯ ಗೂಡು ಕಟ್ಟಿ ಮೂರು ಸಿಲಿಂಡರು ನಿಲ್ಲಿಸಿದ್ದ. ಒಲೆಯವರೆಗೂ ಉಕ್ಕಿನ ಪೈಪು. ಪ್ರತಿ ಜೋಡಣೆಗೂ ಸಾಬೂನಿನ ನೊರೆ ಬಳಿದು, ಗುಳ್ಳೆ ಏಳುವುದಿಲ್ಲ ಎಂದು ನೋಡಿದ ಮೇಲೇ ಮುಂದಿನದಕ್ಕೆ ಹೋಗಿದ್ದ. ಕೊನೆಗೆ ಬಾಗಿಲ ಪಕ್ಕ ಇಡೀ ಅಡುಗೆಮನೆಯ ಗ್ಯಾಸು ನಿಲ್ಲಿಸುವ ಕವಾಟ. ನಿಂತವನ ಮೊಣಕೈ ಎತ್ತರಕ್ಕೆ, ಕತ್ತಲಲ್ಲೂ ಕೈಗೆ ಸಿಗುವಂತೆ ಕೂರಿಸಿದ್ದ.

"ಒಂದು ಗೇಣು ಕೆಳಗೆ ಇಡು," ಎಂದ ಮುದುಕ ಈಗ.

ಅಲ್ಲಿಂದ ಶುರುವಾದದ್ದು ಜಗಳ.

"ಅಷ್ಟು ಕೆಳಗೆ ಇಟ್ರೆ ಅಕ್ಕಿ ಮೂಟೆ ಹಿಂದೆ ಮುಚ್ಚಿಹೋಗುತ್ತೆ."

"ಮೂಟೆ ಅಲ್ಲಿಡೋಕೆ ನಾನು ಬಿಡಲ್ಲ."

"ಅಲ್ಲಿ ಬಗ್ಗಿ ಮುಚ್ಚೋರು ಯಾರು, ಬೆಕ್ಕಾ?"

ಮುದುಕ ನಗಲಿಲ್ಲ. ಗೋಡೆಗಳಿಗೆಲ್ಲ ಹೊಸ ಗಾರೆ ಬಿದ್ದಿತ್ತು. ಅದರ ಮೇಲೆ ಬೆರಳು ಚಾಚಿ ಒಂದು ಗೇಣು ಅಳೆದು ತೋರಿಸಿದ.

"ನಾಲ್ಕು ಬೆರಳು ಇಳಿಸ್ತೀನಿ. ಆಯ್ತಾ?"

"ಗೇಣು."

ಮುಧರ್‌ನ ತಲೆ ಓಡತೊಡಗಿತು. ಜಾಗ ಮುದುಕನದು. ಬರುವ ವಾರದಿಂದ ಇಲ್ಲಿ ಅನ್ನ, ಸಾರು ಬೇಯಿಸಿ ಮಾರಲು ಬಾಡಿಗೆಗೆ ಬರುವವರು ನಾಸಿರಿಯಾದ ಮೂವರು ಅಣ್ಣತಮ್ಮಂದಿರು. ನಾಳೆ ಅವರನ್ನು ಇಲ್ಲಿಂದ ಓಡಿಸಬೇಕು ಅನ್ನಿಸಿದರೆ? ಯಾರ ಕಣ್ಣಿಗೂ ಬೀಳದಂತೆ ಬಾಗಿ ಕವಾಟವನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆದರೆ ಸಾಕು. ಉರಿ ಆರುತ್ತದೆ, ಗ್ಯಾಸು ಬರುತ್ತಲೇ ಇರುತ್ತದೆ.

ಹೆಸರು ಕೇಳಿದ ದಿನವೇ ಅನುಮಾನ ಬರಬೇಕಿತ್ತು. ಮಗ ಇದ್ದವನನ್ನು ಮಗನ ಹೆಸರಿನಿಂದ, ಇಂಥವನ ಅಪ್ಪ ಎಂದು ಕರೆಯುತ್ತಾರೆ. ಮಕ್ಕಳಿಲ್ಲದವನನ್ನು ಅಬು ಗಾಯಿಬ್, ಅಂದರೆ ಇಲ್ಲದವನ ಅಪ್ಪ, ಎಂದು ಊರವರು ಚುಡಾಯಿಸುತ್ತಾರೆ. ಈ ಮುದುಕ ತಾನಾಗಿಯೇ, "ಅಬು ಗಾಯಿಬ್ ಅನ್ನು," ಎಂದಿದ್ದ. ಅವಮಾನವನ್ನು ತಾನೇ ತೊಟ್ಟುಕೊಂಡು ಓಡಾಡುವವನನ್ನು ಮುಧರ್ ಕಂಡಿರಲಿಲ್ಲ.

"ಇಳಿಸಲ್ಲ," ಎಂದ. "ಜೋಡಣೆ ಸರಿಯಿದೆ ಅನ್ನೋ ಕಾಗದಕ್ಕೆ ಸಹಿಯೂ ಹಾಕಲ್ಲ. ನನ್ನ ಸಹಿ ಇಲ್ದೆ ಈ ಒಲೆ ಹೊತ್ತೋದೂ ಇಲ್ಲ."

"ಇಳಿಸದಿದ್ರೆ ನಾನೇ ಹೊತ್ತಿಸಲ್ಲ."

"ಯಾಕೆ ಬೇಕು ನಿನಗೆ ಒಂದು ಗೇಣು?" ನೀವು ಹೋಗಿ ನೀನು ಬಂದಿತ್ತು. "ಹೊತ್ತಿಕೊಳ್ಳೋಕೆ ಎಷ್ಟು ಹೊತ್ತು, ಸಾಯೋಕೆ ಎಷ್ಟು ಹೊತ್ತು... ನನ್ನನ್ನೇನು ದನ ಅಂದ್ಕೊಂಡಿದ್ದೀಯಾ? ಕೇಳು ಅಬು ಗಾಯಿಬ್, ನಿನಗೆ ಹಿಂದಿಲ್ಲ ಮುಂದಿಲ್ಲ. ಆದ್ರೆ ಇಲ್ಲಿ ಒಲೆ ಮುಂದೆ ನಿಲ್ಲೋರಿಗೆ ಮನೇಲಿ ಅಪ್ಪ ಕಾಯ್ತಿರ್ತಾನೆ!"

ಅಂದ ಮೇಲೆ ಅವನಿಗೇ ಬಾಯಿ ಕಹಿಯಾಯಿತು. ಆದರೂ ಕಣ್ಣು ಕೆಳಗೆ ಹಾಕಲಿಲ್ಲ.

ಮುದುಕ ಒಲೆಯ ಬಳಿಗೆ ಹೋದ. ತಲೆಯ ವಸ್ತ್ರ ಬಿಚ್ಚಿ ಒಲೆಯ ಮೇಲಿಟ್ಟ. ಒಲೆಗೆ ಬೆನ್ನು ಮಾಡಿ ಮಂಡಿಯೂರಿದ. ಆಮೇಲೆ ಬಿಳಿ ನಿಲುವಂಗಿಯಲ್ಲೇ, ಸಿಮೆಂಟಿನ ಧೂಳಿನಲ್ಲಿ ಬೋರಲು ಮಲಗಿದ.

"ಏನು ಹಾಜಿ, ಈಜೋದು ಕಲೀತೀಯಾ?"

ಮುದುಕ ತೆವಳತೊಡಗಿದ. ಮೊಣಕೈ ಊರುತ್ತ, ಕಾಲು ಎಳೆಯುತ್ತ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಯಾವುದೋ ಲೆಕ್ಕ ತಪ್ಪಬಾರದು ಎನ್ನುವಂತೆ, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತ ಹಾಗಿತ್ತು. ಮುಧರ್ ಎತ್ತಲು ಹೋದ, ಮುದುಕ ಅವನ ಕೈ ತಳ್ಳಿದ. ಬಾಗಿಲ ಬಳಿ ಬಂದವನು ಎದೆ ನೆಲದಿಂದ ಎತ್ತಿ, ಬಲಗೈಯನ್ನು ಗೋಡೆಯುದ್ದಕ್ಕೂ ಮೇಲಕ್ಕೆ ಚಾಚಿದ.

ಬೆರಳುಗಳು ಗಾರೆ ಸವರುತ್ತ ಹತ್ತಿದವು. ಒಂದು ಕಡೆ ನಿಂತವು. ಅಲ್ಲಿಂದ ಮುಧರ್‌ನ ಕವಾಟಕ್ಕೆ ಒಂದು ಗೇಣು ಅಂತರ.

"ಇಲ್ಲಿ ಬೆಂಕಿ ಬಿದ್ದ ದಿನ ಸರ್ಮದ್ ಈ ಒಲೆಯಿಂದ ಹೀಗೇ ಬಂದಿದ್ದ," ಎಂದ ಮುದುಕ, ಕೈ ಇಳಿಸದೆ. "ಗೋಡೆ ಮೇಲೆ ಅವನ ಕೈಯ ಮಸಿ ಇಲ್ಲಿವರೆಗೆ ಮಾತ್ರ ಇತ್ತು. ಆಗ ಕವಾಟ ಇದ್ದದ್ದು ಈಗ ನೀನಿಟ್ಟ ಕಡೆಯೇ."

ಮುಧರ್ ಪೈಪಿನ ಮೇಲೆ ಬಿಟ್ಟಿದ್ದ ಪಾನಾ ಕೈಗೆತ್ತಿಕೊಂಡ.

"ಅವನಿಗೂ ಮನೇಲಿ ಅಪ್ಪ ಕಾಯ್ತಿದ್ದ ಮಗಾ. ಎರಡು ತಟ್ಟೆ ಹಾಕ್ಕೊಂಡು ನಾನೇ ಕೂತಿದ್ದೆ."