ಪಕ್ಕದ ನಕ್ಷತ್ರ

ದೂರದ ಸಕ್ರಿಯ ಗ್ಯಾಲಕ್ಸಿಯೊಂದರ ಬೆಳಕು ಒಂದು ನಿಶ್ಚಿತ ಲಯದಲ್ಲಿ ಏರಿಳಿಯುತ್ತದೆಯೇ ಎಂದು ಹುಡುಕುತ್ತಲೇ ಶಾಂಭವಿ ಒಂಟಿಯಾಗಿ ವರ್ಷಗಳನ್ನು ಕಳೆದಿದ್ದಳು. ಅಳೆಯುತ್ತಿದ್ದುದು ಅದರ ಪಕ್ಕದಲ್ಲಿ ಕಾಣುವ ಒಂದು ನಕ್ಷತ್ರಕ್ಕೆ ಹೋಲಿಸಿ. ಅದರ ಬೆಳಕು ಬದಲಾಗುವುದಿಲ್ಲವೆಂದು ಅವಳಿಗೆ ತನ್ನ ಮೇಲಿದ್ದಷ್ಟೇ ನಂಬಿಕೆ. ಕೊನೆಗೂ ಲಯ ಸಿಕ್ಕಿತು. ಪ್ರಬಂಧ ಬರೆದು ಸಹೋದ್ಯೋಗಿ ಇಂದುಧರನಿಗೆ ಓದಲು ಕೊಟ್ಟಳು.

ಮರುದಿನ ಊಟದ ಹೊತ್ತಿಗೆ ಬಂದ ಅವನು ತಡವರಿಸಿದ. “ಬೇಜಾರು ಮಾಡ್ಕೋಬೇಡಿ ಮೇಡಂ. ಬೇರೆ ನಕ್ಷತ್ರಗಳ ಜೊತೆ ಹೋಲಿಸಿ ನೋಡ್ದೆ. ಗ್ಯಾಲಕ್ಸಿ ಇದ್ದ ಹಾಗೇ ಇದೆ. ಏರಿಳೀತಿರೋದು ನಿಮ್ಮ ನಕ್ಷತ್ರ.”

ಅವಳು ಊಟದ ಡಬ್ಬಿ ಮುಚ್ಚಿಟ್ಟು, ಬಿಟ್ಟುಬಂದಿದ್ದ ಗಂಡನಿಗೆ ಫೋನು ಮಾಡಿದಳು.

“ನೀವು ಒಂದೊಂದು ದಿನ ಒಂದೊಂದು ಥರ ಇರ್ತೀರಿ ಅಂತ ಬಿಟ್ಟು ಬಂದೆನಲ್ಲ, ಆಗ ನಾನು ಹೇಗಿರ್ತಿದ್ದೆ?”