ಹೊಸ ಬಸ್ಸಿನ ಚಾವಣಿ

2025ರ ಜೂನ್ 13, ಶುಕ್ರವಾರ, ಬೆಳಿಗ್ಗೆ 6.40. ಅರಸೀಕೆರೆಯಿಂದ ಬೇಲೂರಿಗೆ ಹೊರಡಲಿದ್ದ ಹೊಸ ಬಸ್ಸಿನ ಚಕ್ರಗಳಡಿ ಕಂಡಕ್ಟರ್ ಅಚ್ಯುತ ನಿಂಬೆಹಣ್ಣು ಇಡುತ್ತಿದ್ದ. ಹಳೇ ಬಸ್ಸಿನ ಕಂಡಕ್ಟರ್ ದೇವರಾಜ್‌ಗೆ ಹೊಟ್ಟೆ ಉರಿಯುತ್ತಿತ್ತು. ಕಂಪನಿ ಬೇರೆಯವರ ಕೈಗೆ ಹೋದ ಮೇಲೆ ಕೊಂಡದ್ದು ಇದೊಂದೇ ಬಸ್ಸು. ಆರಡಿ ಎತ್ತರದ ದೇವರಾಜ್ ಇಷ್ಟು ವರ್ಷ ಹಳೇ ಬಸ್ಸಿನ ತಗ್ಗು ಚಾವಣಿಯಡಿ ಕತ್ತು ಬಗ್ಗಿಸಿಯೇ ಟಿಕೆಟ್ ಕೊಟ್ಟಿದ್ದ.

“ಹೊಸ ಓನರ್ ಈ ಬಸ್ಸಿಗೆ ಮೊದ್ಲು ಹೇಳಿದ್ದು ನಿನ್ ಹೆಸ್ರೇ ಕಣೋ,” ಎಂದ ಅಚ್ಯುತ. “ಇದ್ರ ಟಾಪು ಇನ್ನೂ ತಗ್ಗು, ಅವ್ನ ಕತ್ತು ಉಳಿಯಲ್ಲ ಅಂತ ಓನರ್‌ಗೆ ಹೇಳಿ ನಾನೇ ನಿನ್ ಹೆಸ್ರು ಬಿಡಿಸ್ದೆ.”

“ಒಳ್ಳೇದ್ ಮಾಡ್ದೆ ಬಿಡಪ್ಪ,” ಎಂದು ದೇವರಾಜ್ ತನ್ನ ಹೊಟ್ಟೆಕಿಚ್ಚಿಗೆ ತಾನೇ ನಾಚಿದ.

ಅಚ್ಯುತ ಕರ್ಪೂರ ತರಲು ಹೋದಾಗ ದೇವರಾಜ್ ಬಸ್ಸು ಹತ್ತಿದ. ರೂಢಿಯಂತೆ ಬಗ್ಗಿಯೇ ನಡುವಿನವರೆಗೆ ನಡೆದು, ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದ. ತಲೆ ಎಲ್ಲೂ ತಾಕಲಿಲ್ಲ. ಅಂಗೈಯನ್ನು ನೆತ್ತಿಯ ಮೇಲೆ ಅಡ್ಡ ಹಿಡಿದು ನೋಡಿದ. ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು.